ಸಾಧು ಹೆಣ್ಣು ಕುದುರೆಯನ್ನು ಮಾರುವಾಗ: ಯಾವ ದಾರಿ, ಯಾರ ಕೈ?

ಕೆಂಚಿಯನ್ನು ಮಾರಲೇಬೇಕು ಅಂತ ತೀರ್ಮಾನವಾದ ದಿನ ಅವಳ ಹತ್ತಿರ ಹೋಗಿ ಸುಮ್ನೆ ನಿಂತಿದ್ದೆ. ಐದು ವರ್ಷದ ಹೆಣ್ಣು. ಹಗ್ಗ ಹಿಡಿದು ಹೋದರೆ ತಾನೇ ಬಂದು ತಲೆ ತಗ್ಗಿಸುತ್ತಾಳೆ. ಕಾಲು ಕೇಳಿದರೆ ಕಾಲು ಎತ್ತಿ ಕೊಡುತ್ತಾಳೆ. ಕಾಡುದಾರಿಯಲ್ಲಿ ಪೊದೆಯಿಂದ ಹಕ್ಕಿ ಭರ್ರನೆ ಎದ್ದರೆ ಒಮ್ಮೆ ಕಿವಿ ನಿಮಿರಿಸುತ್ತಾಳೆ, ಆಮೇಲೆ ನಡೆಯುತ್ತಾಳೆ. ಇಂಥ ಕುದುರೆಗೆ ಗಿರಾಕಿ ಹುಡುಕುವುದು ಕಷ್ಟವಲ್ಲ. ಸುದ್ದಿ ಕಿವಿಗೆ ಬಿದ್ದರೆ ಸಾಕು, ಕೇಳಿಕೊಂಡು ಬರುತ್ತಾರೆ.

ಕಷ್ಟ ಇರುವುದು ಬೇರೆ ಕಡೆ. ತುಂಟ ಕುದುರೆಯ ಹತ್ತಿರ ಗೊತ್ತಿಲ್ಲದವರು ಹೋಗುವುದಿಲ್ಲ, ಹೋದರೂ ಎರಡನೇ ಸಲ ಹತ್ತುವುದಿಲ್ಲ. ಸಾಧು ಕುದುರೆ ಹಾಗಲ್ಲ. ಯಾರು ಹತ್ತಿದರೂ ಸಹಿಸಿಕೊಳ್ಳುತ್ತದೆ. ಬಾಯಿ ಎಳೆದರೂ, ಬೆನ್ನ ಮೇಲೆ ದೊಪ್ಪನೆ ಕೂತರೂ ತಿಂಗಳುಗಟ್ಟಲೆ ತಡೆದುಕೊಳ್ಳುತ್ತದೆ. ಒಂದು ದಿನ ತಡೆಯಲಾಗದೆ ತಲೆ ಒದರಿದಾಗ "ಈ ಕುದುರೆ ಕೆಟ್ಟುಹೋಗಿದೆ" ಅಂತ ಮುಂದಿನವರಿಗೆ ದಾಟಿಸುತ್ತಾರೆ. ಹಾಗಾಗಿ ಮಾರಾಟದ ದಾರಿಗಳನ್ನು ಹೋಲಿಸುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇವಳ ಮೇಲೆ ಮುಂದೆ ಯಾರು ಕೂರುತ್ತಾರೆ ಅನ್ನುವುದು ಈ ದಾರಿಯಲ್ಲಿ ನನಗೆ ಕಾಣುತ್ತದೆಯೇ, ಇಲ್ಲವೇ? ಹಣ, ಸಮಯ, ಓಡಾಟ ಎಲ್ಲ ಆಮೇಲಿನ ಮಾತು.

ನೀವು ಮಾರುತ್ತಿರುವುದು ಏನನ್ನು?

ಇದನ್ನು ಮೊದಲೇ ಹೇಳಬೇಕು. ಯಾಕೆಂದರೆ ಮುಂದಿನ ಆಯ್ಕೆಗಳೆಲ್ಲ ಇದರ ಮೇಲೆ ನಿಂತಿವೆ. ಕೆಂಚಿ ಗೇಟೆಡ್ ಕುದುರೆ. ಅಂದರೆ ಹುಟ್ಟಿನಿಂದಲೇ ಮೆತ್ತನೆಯ ನಾಲ್ಕು ಹೆಜ್ಜೆಯ ನಡಿಗೆ ಇರುವ ಕುದುರೆ. ಬೇರೆ ಕುದುರೆಗಳು ಟ್ರಾಟ್, ಅಂದರೆ ಕುಲುಕು ಓಟ, ಹಾಕುವಾಗ ಮುಂದಿನ ಒಂದು ಕಾಲೂ ಅದರ ಎದುರು ಬದಿಯ ಹಿಂದಿನ ಕಾಲೂ ಜೊತೆಯಾಗಿ ಬೀಳುತ್ತವೆ. ಎರಡೇ ಸದ್ದು, ನಡುವೆ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಕ್ಷಣ. ಸವಾರ ಕುಲುಕಾಡುವುದು ಅದರಿಂದಲೇ. ಗೇಟೆಡ್ ಕುದುರೆಗೆ ಆ ನೆಗೆತ ಇಲ್ಲ. ಒಂದಲ್ಲ ಒಂದು ಕಾಲು ನೆಲದ ಮೇಲೆ ಇದ್ದೇ ಇರುತ್ತದೆ. ಒಂದೊಂದು ತಳಿಯಲ್ಲಿ ಈ ನಡಿಗೆಗೆ ಒಂದೊಂದು ಹೆಸರು: ಟೆನ್ನೆಸ್ಸೀ ವಾಕಿಂಗ್ ಹಾರ್ಸ್‌ಗೆ ರನ್ನಿಂಗ್ ವಾಕ್, ಮಿಸೌರಿ ಫಾಕ್ಸ್ ಟ್ರಾಟರ್‌ಗೆ ಫಾಕ್ಸ್ ಟ್ರಾಟ್, ಐಸ್‌ಲ್ಯಾಂಡಿಕ್ ಕುದುರೆಗೆ ಟೋಲ್ಟ್, ಮಾರ್ವಾಡಿ ಮತ್ತು ಕಾಠಿಯಾವಾಡಿಗೆ ರೇವಾಲ್. ಹೆಸರು ಬೇರೆ, ಲಯದಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದೆ, ಆದರೆ ಸವಾರನ ಸೊಂಟಕ್ಕೆ ಸಿಗುವ ಸುಖ ಒಂದೇ.

ಈ ಗುಣ ರಕ್ತದಲ್ಲೇ ಇದೆ. 2012ರಲ್ಲಿ ಡಿಎಮ್‌ಆರ್‌ಟಿ3 ಅನ್ನುವ ವಂಶವಾಹಿಯಲ್ಲಿನ ಒಂದು ಬದಲಾವಣೆಗೂ ಇಂಥ ನಡಿಗೆಗೂ ನಂಟಿದೆ ಅಂತ ವಿಜ್ಞಾನಿಗಳು ತೋರಿಸಿದರು. ಆದರೆ ರಕ್ತದಲ್ಲಿ ಇದ್ದ ಮಾತ್ರಕ್ಕೆ ಉಳಿಯುತ್ತದೆ ಅಂತಲ್ಲ. ಎಳೆಯ ಕುದುರೆಯ ನಡಿಗೆ ಇನ್ನೂ ಹದಕ್ಕೆ ಬರುತ್ತಿರುತ್ತದೆ. ಬೆನ್ನು ಬಿಗಿಯಾಗಿ, ತಲೆ ಮೇಲೆತ್ತಿ ಹೋಗುವ ಅಭ್ಯಾಸವಾದರೆ ಒಂದೇ ಬದಿಯ ಎರಡು ಕಾಲು ಒಟ್ಟಿಗೆ ಬೀಳುವ ಪೇಸ್ ಕಡೆಗೆ ಜಾರುತ್ತದೆ. ಆಗ ಸವಾರ ಎಡಕ್ಕೆ ಬಲಕ್ಕೆ ತೂಗಾಡುತ್ತಾನೆ. ಹಾಗಾಗಿ ಗಟ್ಟಿ ನೆಲದ ಮೇಲೆ ನಡೆಸಿ, ಕಣ್ಣು ಮುಚ್ಚಿ ಕೇಳಿ. ನಾಲ್ಕು ಸದ್ದು ಬಿಡಿಬಿಡಿಯಾಗಿ ಕೇಳಬೇಕು: ಟಕ, ಟಕ, ಟಕ, ಟಕ. ಎರಡೆರಡು ಸೇರಿಕೊಂಡು ಕೇಳಿದರೆ ಏನೋ ತಪ್ಪುತ್ತಿದೆ. ಕೊಳ್ಳಲು ಬಂದವರಿಗೂ ನಾನು ಇದನ್ನೇ ಮೊದಲು ಕೇಳಿಸುತ್ತೇನೆ. ಅದನ್ನು ಕೇಳಿ ಅವರ ಮುಖ ಅರಳಿದರೆ ಅರ್ಧ ಪರೀಕ್ಷೆ ಪಾಸಾದ ಹಾಗೆ.

ವಯಸ್ಸಿನ ಮಾತೂ ಇದೆ. ಕುದುರೆಯ ಮುಂದಿನ ಕಾಯಂ ಹಲ್ಲುಗಳೆಲ್ಲ ಬರುವುದು ಸುಮಾರು ಐದು ವರ್ಷಕ್ಕೆ. ಬೆನ್ನುಮೂಳೆ ಪೂರ್ತಿ ಬಲಿಯುವುದು ಎಲ್ಲಕ್ಕಿಂತ ಕೊನೆಗೆ, ಐದೂವರೆ ಆರು ವರ್ಷದ ಹೊತ್ತಿಗೆ. ಹೊರಗಿನಿಂದ ನೋಡಿದರೆ ದೊಡ್ಡ ಕುದುರೆ, ಒಳಗೆ ಇನ್ನೂ ಬೆಳೆಯುತ್ತಿರುವ ಮರಿ. "ಚೆನ್ನಾಗಿ ಪಳಗಿದೆ" ಅನ್ನುವುದನ್ನೂ "ಎಷ್ಟು ಬೇಕಾದರೂ ದುಡಿಸಬಹುದು" ಅನ್ನುವುದನ್ನೂ ಒಂದೇ ಅಂದುಕೊಳ್ಳುವವರಿಗೆ ಇಂಥ ಹೆಣ್ಣನ್ನು ಕೊಡಬಾರದು.

ಹರಾಜು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ದಿನದಲ್ಲಿ ಮುಗಿಯುತ್ತದೆ, ಹಣ ಕೈಗೆ ಬರುತ್ತದೆ, ಹತ್ತಾರು ಜನರಿಗೆ ಕುದುರೆ ಹತ್ತಿಸಿ ಇಳಿಸುವ ರಗಳೆ ಇಲ್ಲ. ಆದರೆ ಯಾರು ಕೂಗಿದರು, ಯಾರಿಗಾಗಿ ಕೂಗಿದರು ಅಂತ ನಿಮಗೆ ತಿಳಿಯುವುದೇ ಇಲ್ಲ. ಗದ್ದಲ, ಹೊಸ ವಾಸನೆ, ಗೊತ್ತಿಲ್ಲದ ಕುದುರೆಗಳ ನಡುವೆ ಐದು ವರ್ಷದ ಹೆಣ್ಣು ತನ್ನ ನಿಜವಾದ ನಡಿಗೆಯನ್ನು ತೋರಿಸುವುದೂ ಅನುಮಾನ. ಬೆದರಿದಾಗ ಎಷ್ಟೋ ಕುದುರೆಗಳು ಪೇಸ್ ಹಾಕುತ್ತವೆ. ಅಲ್ಲಿಗೆ ಅವಳ ಬೆಲೆಯೂ ಹೋಯಿತು, ನಿಮ್ಮ ಮಾತೂ ಹೋಯಿತು. ಆಯಾ ತಳಿಯ ಕುದುರೆಗಳಿಗಾಗಿಯೇ ನಡೆಯುವ, ಮುಂಚಿನ ದಿನ ಸವಾರಿ ಮಾಡಿ ನೋಡಲು ಬಿಡುವ, ಕನಿಷ್ಠ ಬೆಲೆ ನಿಗದಿ ಮಾಡಲು ಅವಕಾಶವಿರುವ ಹರಾಜಾದರೆ ಯೋಚಿಸಬಹುದು. ಬೇರೆ ಯಾವ ಹರಾಜಿಗೂ ನಾನು ಸಾಧು ಕುದುರೆಯನ್ನು ಕಳಿಸುವುದಿಲ್ಲ.

ಕುದುರೆ ವ್ಯಾಪಾರಿಯೋ, ತರಬೇತುದಾರರೋ?

ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಇದ್ದಾರೆ. ವ್ಯತ್ಯಾಸ ದೊಡ್ಡದು. ವ್ಯಾಪಾರಿ ನಿಮ್ಮಿಂದ ಕುದುರೆ ಕೊಂಡು ಇನ್ನೊಬ್ಬರಿಗೆ ಮಾರುತ್ತಾರೆ. ಕೊಂಡ ಕ್ಷಣದಿಂದ ಕುದುರೆ ಅವರದು, ಮುಂದಿನ ಮನೆ ಯಾವುದು ಅನ್ನುವುದು ಅವರ ಇಷ್ಟ. ಕಮಿಷನ್ ಮೇಲೆ ಮಾರಿಕೊಡುವ ತರಬೇತುದಾರರ ಹತ್ತಿರ ಕುದುರೆ ಇದ್ದರೂ ಮಾಲೀಕರು ನೀವೇ. ಕೊನೆಯ ಮಾತು ನಿಮ್ಮದೇ.

ಹಲವು ವರ್ಷಗಳ ಹಿಂದೆ ನಾನು ಕೆಂಚಿಗಿಂತ ಮುಂಚಿನ ಒಂದು ಹೆಣ್ಣನ್ನು ಅವಸರದಲ್ಲಿ ವ್ಯಾಪಾರಿಯೊಬ್ಬರಿಗೆ ಕೊಟ್ಟೆ. "ಒಳ್ಳೆಯ ಮನೆಗೇ ಕೊಡುತ್ತೇನೆ" ಅಂದಿದ್ದರು. ನಂಬಿದೆ. ಏಳು ತಿಂಗಳ ನಂತರ ಬೇರೆ ಕೆಲಸಕ್ಕೆ ಹೋಗಿದ್ದ ಕಡೆ ಅವಳನ್ನು ನೋಡಿದೆ. ಬಾಯಿಯ ಎರಡೂ ಮೂಲೆಯಲ್ಲಿ ಕಡಿವಾಣ ಉಜ್ಜಿದ ಗಾಯ ಒಣಗಿ ಬಿಳಿಯಾಗಿತ್ತು. ಹೆಗಲಿನ ಹಿಂದೆ, ಜೀನು ಒತ್ತುವ ಜಾಗದಲ್ಲಿ, ಅಂಗೈ ಅಗಲ ಬಿಳಿ ಕೂದಲು ಹುಟ್ಟಿತ್ತು. ಹತ್ತಿರ ಹೋಗಿ ಕೈ ಎತ್ತಿದರೆ ತಲೆ ಹಿಂದಕ್ಕೆ ಎಳೆದುಕೊಂಡಳು. ಇದೇ ಹೆಣ್ಣು ನನ್ನ ಹತ್ತಿರ ಇದ್ದಾಗ ಅಂಗಿಯ ಜೇಬಿಗೆ ಮೂತಿ ತೂರಿಸುತ್ತಿದ್ದಳು. ಮರಳಿ ಕೊಂಡುಕೊಳ್ಳಲು ಕೇಳಿದೆ, ಅವರು ಒಪ್ಪಲಿಲ್ಲ. ಆ ಬಿಳಿ ಕೂದಲು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ಅದಕ್ಕೇ ಹೇಳುತ್ತೇನೆ. ನಿಮಗೆ ಸಮಯವಿಲ್ಲ, ಜನರೊಂದಿಗೆ ಮಾತಾಡುವ ತಾಳ್ಮೆ ಇಲ್ಲ ಅಂದರೆ ತರಬೇತುದಾರರ ದಾರಿ ಹಿಡಿಯಿರಿ. ಆದರೆ ಗೇಟೆಡ್ ಕುದುರೆಗಳನ್ನು ಓಡಿಸಿ ಗೊತ್ತಿರುವವರೇ ಆಗಿರಬೇಕು. ಟ್ರಾಟ್ ಹಾಕುವ ಕುದುರೆಗಳನ್ನೇ ತಿದ್ದಿ ಅಭ್ಯಾಸವಿರುವವರು ಈ ನಡಿಗೆಯನ್ನೇ ದೋಷ ಅಂದುಕೊಂಡು ತಿದ್ದಲು ಹೊರಟದ್ದನ್ನು ನೋಡಿದ್ದೇನೆ. ಕಾಗದದ ಮೇಲೆ ಮೂರು ವಿಷಯ ಇರಲಿ. ಕಮಿಷನ್ ಎಷ್ಟು, ಮಾರಾಟವಾಗುವವರೆಗೆ ಮೇವಿನ ಖರ್ಚು ಯಾರದು, ಮತ್ತು ನಿಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡುವಂತಿಲ್ಲ. ಮೂರನೆಯದಕ್ಕೆ ಗೊಣಗಿದರೆ ಕುದುರೆಯನ್ನು ಅಲ್ಲಿ ಬಿಡಬೇಡಿ.

ನೇರವಾಗಿ ಮಾರುವುದು

ನನ್ನ ಮನಸ್ಸು ಇದರ ಕಡೆಗೇ ವಾಲುತ್ತದೆ. ಓಡಾಟ ಜಾಸ್ತಿ, ಹತ್ತು ಜನ ಬಂದರೆ ಎಂಟು ಜನ ಸುಮ್ನೆ ನೋಡಿ ಹೋಗುತ್ತಾರೆ. ಆದರೂ ಯಾರು ಕೂರುತ್ತಾರೆ ಅನ್ನುವುದು ಕಣ್ಣಾರೆ ಕಾಣುವುದು ಈ ದಾರಿಯಲ್ಲಿ ಮಾತ್ರ.

ಬಂದವರಿಗೆ ಕುದುರೆಯನ್ನು ತೊಳೆದು, ಜೀನು ಕಟ್ಟಿ, ಸಿದ್ಧಮಾಡಿ ಇಡಬೇಡಿ. ಬಯಲಿನಲ್ಲೇ ಇರಲಿ. ಹಗ್ಗ ಅವರ ಕೈಗೇ ಕೊಟ್ಟು "ಹಿಡಿದುಕೊಂಡು ಬನ್ನಿ" ಅನ್ನಿ. ಇದರಲ್ಲಿ ಇಬ್ಬರಿಗೂ ಲಾಭ ಇದೆ. ಕುದುರೆ ನಿಜವಾಗಿ ಸಾಧುವೇ, ಅಥವಾ ಬೆಳಿಗ್ಗೆಯೇ ಓಡಿಸಿ ದಣಿಸಿ ಇಟ್ಟಿದ್ದಾರೆಯೇ ಅಂತ ಅವರಿಗೆ ಗೊತ್ತಾಗುತ್ತದೆ. ಅವರ ಕೈ ಎಂಥದ್ದು ಅಂತ ನಿಮಗೆ ಗೊತ್ತಾಗುತ್ತದೆ. ಭುಜದ ಪಕ್ಕಕ್ಕೆ ಬಂದು ನಿಂತು ಮೊದಲು ಕತ್ತು ಸವರುವವರು ಒಂದು ಬಗೆ. ಎದುರಿಗೆ ನುಗ್ಗಿ ಮೂತಿಗೆ ಕೈ ಹಾಕುವವರು ಇನ್ನೊಂದು ಬಗೆ.

ಮೊದಲು ನೀವು ಹತ್ತಿ ತೋರಿಸಿ. ಆಮೇಲೆ ಅವರು ಹತ್ತಲಿ. ನೋಡಬೇಕಾದದ್ದು ಅವರ ಧೈರ್ಯವನ್ನಲ್ಲ, ಲಗಾಮನ್ನು. ಮೆತ್ತನೆಯ ನಡಿಗೆಯಲ್ಲಿ ಎಷ್ಟೋ ಕುದುರೆಗಳು ತಲೆಯನ್ನು ಲಯಕ್ಕೆ ತಕ್ಕ ಹಾಗೆ ಆಡಿಸುತ್ತವೆ, ಸವಾರನ ಕೈ ಅದರ ಜೊತೆ ಹೋಗಬೇಕು. ಕೈ ಕಲ್ಲಿನ ಹಾಗೆ ನಿಂತರೆ ಪ್ರತಿ ಹೆಜ್ಜೆಗೂ ಬಾಯಿಗೆ ಪೆಟ್ಟು. ಐದು ನಿಮಿಷದಲ್ಲಿ ಕೆಂಚಿಯ ನಾಲ್ಕು ಸದ್ದು ಎರಡಾಗಲು ಶುರುವಾದರೆ ನಾನು ಅವರನ್ನು ನಿಲ್ಲಿಸಿ, ಕೈ ಸಡಿಲ ಮಾಡಿ ಅಂತ ಹೇಳಿಕೊಡುತ್ತೇನೆ. ಹೇಳಿದ್ದನ್ನು ಕೇಳಿ ತಿದ್ದಿಕೊಂಡರೆ ಅವರು ಕಲಿಯುವವರು. "ನನಗೆ ಗೊತ್ತು" ಅಂದರೆ ಅಲ್ಲಿಗೆ ಮಾತು ಮುಗಿಯಿತು.

ತೂಕದ ಮಾತನ್ನು ನಾಚಿಕೆ ಇಲ್ಲದೆ ಕೇಳಿ. ಸವಾರ, ಜೀನು, ಚೀಲ ಎಲ್ಲ ಸೇರಿ ಕುದುರೆಯ ತೂಕದ ಸುಮಾರು 20 ಶೇಕಡಾ ಒಳಗೆ ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಅಂದರೆ 400 ಕಿಲೋ ಹೆಣ್ಣಿನ ಮೇಲೆ ಒಟ್ಟು 80 ಕಿಲೋ. ಬೆನ್ನು ಇನ್ನೂ ಬಲಿಯುತ್ತಿರುವ ಎಳೆಯ ಕುದುರೆಗೆ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ದಿನವಿಡೀ ಏರಿಳಿತದ ದಾರಿಯಲ್ಲಿ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ನೀವು ಮುಚ್ಚಿಡಬಾರದ್ದು. ಹೆಣ್ಣು ಕುದುರೆ ಹಗಲು ದೀರ್ಘವಾಗಿರುವ ಕಾಲದಲ್ಲಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಐದಾರು ದಿನ ಇರುತ್ತದೆ. ಕೆಲವು ಹೆಣ್ಣುಗಳಿಗೆ ಏನೂ ವ್ಯತ್ಯಾಸವಿಲ್ಲ. ಕೆಂಚಿ ಆ ದಿನಗಳಲ್ಲಿ ಹೊಟ್ಟೆಯ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚುತ್ತಾಳೆ, ಜೊತೆಯ ಕುದುರೆ ತೀರಾ ಹತ್ತಿರ ಬಂದರೆ ಕಿರುಚುತ್ತಾಳೆ. ಸವಾರಿಗೆ ತೊಂದರೆ ಇಲ್ಲ. ಆದರೂ ಹೇಳುತ್ತೇನೆ, ಸಾಧ್ಯವಾದರೆ ಆ ದಿನವೇ ಬಂದು ನೋಡಿ ಅನ್ನುತ್ತೇನೆ. ಲಾಳವಿಲ್ಲದೆ, ಬರೀ ಗೊರಸಿನಲ್ಲಿ ನಡೆಸಿಯೂ ತೋರಿಸಿ. ಭಾರದ ಲಾಳ, ಉದ್ದ ಬಿಟ್ಟ ಗೊರಸು ಇವುಗಳಿಂದ ನಡಿಗೆಯನ್ನು ಉಬ್ಬಿಸಿ ತೋರಿಸುವವರು ಇರುವುದರಿಂದ ತಿಳಿದವರು ಇದನ್ನು ಕೇಳಿಯೇ ಕೇಳುತ್ತಾರೆ.

ಪಶುವೈದ್ಯರ ತಪಾಸಣೆ ಕೊಳ್ಳುವವರ ಖರ್ಚಿನಲ್ಲಿ, ಅವರು ಆರಿಸಿದ ವೈದ್ಯರಿಂದಲೇ ಆಗಲಿ. ಕಾಲು ಮಡಚಿ ಹಿಡಿದು ಬಿಟ್ಟು ಕುಂಟುತ್ತದೆಯೇ ಅಂತ ನೋಡುತ್ತಾರೆ, ಕಣ್ಣು, ಹೃದಯ, ಹಲ್ಲು ನೋಡುತ್ತಾರೆ, ಬೇಕಿದ್ದರೆ ಎಕ್ಸ್‌ರೇ. ರಕ್ತದ ಮಾದರಿಯನ್ನೂ ತೆಗೆದಿಡಲಿ. ಫಿನೈಲ್‌ಬ್ಯುಟಜೋನ್ ಥರದ ನೋವಿನ ಔಷಧಿ ಕೊಟ್ಟರೆ ಕುಂಟು ಮರೆಯಾಗುತ್ತದೆ, ಮಂಪರಿನ ಔಷಧಿ ಕೊಟ್ಟರೆ ತುಂಟ ಕುದುರೆಯೂ ಒಂದು ಗಂಟೆ ಸಾಧುವಾಗುತ್ತದೆ. ನೀವೇ ಮುಂದಾಗಿ "ರಕ್ತ ತೆಗೆಸಿ" ಅಂದರೆ ನಿಮ್ಮ ಮೇಲಿನ ನಂಬಿಕೆ ಬೆಳೆಯುತ್ತದೆ, ನಾಳೆ ತಕರಾರು ಬಂದರೆ ನಿಮಗೂ ಅದೇ ಸಾಕ್ಷಿ.

ಕೆಲವು ದಿನ ಕೊಟ್ಟು ನೋಡುವುದು, ಅಥವಾ ಲೀಸ್

ಕೊಳ್ಳುವವರು ಹಿಡಿಸಿದ್ದಾರೆ, ಆದರೆ ಮನಸ್ಸು ಪೂರ್ತಿ ಒಪ್ಪುತ್ತಿಲ್ಲ ಅಂದಾಗ ಈ ಎರಡು ದಾರಿ ಇವೆ. ಎರಡು ವಾರ ಅವರ ಜಾಗದಲ್ಲಿ ಇಟ್ಟು ನೋಡಲು ಕೊಡುವುದು ಕೇಳುವುದಕ್ಕೆ ಚಂದ. ನನಗೆ ಅಷ್ಟು ಹಿಡಿಸಿಲ್ಲ. ಹೊಸ ಜಾಗಕ್ಕೆ ಹೋದ ಕುದುರೆ ಮೊದಲ ವಾರ ತನ್ನಂತೆ ಇರುವುದೇ ಇಲ್ಲ. ಜೊತೆಗಾರರಿಲ್ಲ, ನೀರಿನ ರುಚಿ ಬೇರೆ, ಮೇವು ಬೇರೆ. ಎರಡನೇ ವಾರ ಸ್ವಲ್ಪ ಹೊಂದಿಕೊಳ್ಳುವಾಗ ಮರಳಿ ಬರುವ ಸಮಯ. ಆ ಎರಡು ವಾರದಲ್ಲಿ ಕಾಲಿಗೆ ಪೆಟ್ಟಾದರೆ ಯಾರ ಹೊಣೆ ಅನ್ನುವ ಜಗಳ ಬೇರೆ. ಅದರ ಬದಲು ಅವರೇ ನಿಮ್ಮಲ್ಲಿಗೆ ನಾಲ್ಕೈದು ಸಲ ಬರಲಿ. ಒಂದು ದಿನ ಒಂಟಿಯಾಗಿ ಕಾಡುದಾರಿಗೆ ಹೋಗಲಿ, ಒಂದು ದಿನ ಗುಂಪಿನಲ್ಲಿ ಕೊನೆಯವರಾಗಿ ಹೋಗಲಿ. ಮುಂದಿನ ಕುದುರೆಗಳು ಕಣ್ಣಿಗೆ ಮರೆಯಾದಾಗ ಇವಳು ಏನು ಮಾಡುತ್ತಾಳೆ ಅನ್ನುವುದು ಅವರಿಗೆ ಗೊತ್ತಿರಲೇಬೇಕು.

ಲೀಸ್ ಬೇರೆ ಮಾತು. ಆರು ತಿಂಗಳು ಅವರ ಹತ್ತಿರ ಇರುತ್ತದೆ, ಖರ್ಚು ಅವರದು, ಮಾಲೀಕತ್ವ ನಿಮ್ಮದು. ಕೊನೆಗೆ ಅವರಿಗೇ ಕೊಳ್ಳುವ ಮೊದಲ ಹಕ್ಕು, ಬೆಲೆ ಈಗಲೇ ನಿಗದಿ. ಹಣ ತಡವಾಗಿ ಬರುತ್ತದೆ, ನಿಜ. ಹಾಗೆಯೇ ಆರು ತಿಂಗಳ ನಂತರ ಕೆಟ್ಟು ಮರಳಿದರೆ ತಿದ್ದುವ ಕೆಲಸ ನಿಮ್ಮ ತಲೆಗೇ. ಆದರೆ ತಿಂಗಳಿಗೊಮ್ಮೆ ಹೋಗಿ ನೋಡುವ ಹಕ್ಕು ನಿಮಗಿರುತ್ತದೆ. ಬೆನ್ನ ಮೇಲೆ ಕೈ ಆಡಿಸಿ ನೋವಿದೆಯೇ ನೋಡಬಹುದು, ಹತ್ತಿ ನಾಲ್ಕು ಸದ್ದು ಕೇಳಬಹುದು. ಹಣದ ತುರ್ತು ಇಲ್ಲದಿದ್ದರೆ ಎಳೆಯ ಗೇಟೆಡ್ ಹೆಣ್ಣಿಗೆ ಇದೇ ಒಳ್ಳೆಯ ದಾರಿ ಅಂತ ನನ್ನ ಅನಿಸಿಕೆ.

ಯಾರಿಗೆ?

ದಾರಿ ಯಾವುದೇ ಇರಲಿ, ಬರುವವರು ಹೆಚ್ಚುಕಡಿಮೆ ಇವರೇ.

ಹೊಸ ಸವಾರರು ಎಲ್ಲರಿಗಿಂತ ಜಾಸ್ತಿ. ಸಾಧು ಅನ್ನುವ ಒಂದೇ ಪದ ಕೇಳಿ ಬಂದಿರುತ್ತಾರೆ. ಒಂಟಿಯಾಗಿ ಕಲಿಯುವವರಾದರೆ ಅವರಿಗೆ ಬೇಕಿರುವುದು ಐದು ವರ್ಷದ ಹೆಣ್ಣಲ್ಲ, ಹನ್ನೆರಡು ಹದಿನಾಲ್ಕು ವರ್ಷದ, ಎಲ್ಲ ಕಂಡ ಕುದುರೆ. ಕುದುರೆ 25 ವರ್ಷಕ್ಕೂ ಮೇಲೆ ಬದುಕುವ ಪ್ರಾಣಿ, ಹದಿನಾಲ್ಕು ಮುದಿ ವಯಸ್ಸಲ್ಲ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ಆದರೆ ವಾರಕ್ಕೊಮ್ಮೆ ಒಳ್ಳೆಯ ಗುರುವಿನ ಹತ್ತಿರ ಕಲಿಯುತ್ತಿರುವ ಹೊಸಬರಾದರೆ ನಾನು ಬಾಗಿಲು ಮುಚ್ಚುವುದಿಲ್ಲ.

ಪ್ರವಾಸಿಗರನ್ನು ಸವಾರಿಗೆ ಕರೆದೊಯ್ಯುವವರು ಒಳ್ಳೆಯ ಬೆಲೆ ಕೊಡಬಹುದು, ಮೇವು ಔಷಧಿಯನ್ನೂ ಚೆನ್ನಾಗಿ ನೋಡಿಕೊಳ್ಳಬಹುದು. ಆದರೆ ದಿನಕ್ಕೆ ನಾಲ್ಕು ಬೇರೆ ಬೇರೆ ಕೈ. ಬಲಿತ ಕುದುರೆ ಅದನ್ನು ತಲೆಗೆ ಹಚ್ಚಿಕೊಳ್ಳದೆ ದುಡಿಯುತ್ತದೆ, ಎಳೆಯದು ಕಲಿತದ್ದನ್ನು ಮರೆಯುತ್ತದೆ.

ಮರಿ ಹಾಕಿಸಲು ಕೇಳುವವರೂ ಬರುತ್ತಾರೆ, ಹೆಣ್ಣಲ್ಲವೇ. ಗಬ್ಬದ ಅವಧಿ ಸುಮಾರು 11 ತಿಂಗಳು, ಮರಿ ಬಿಡಿಸಲು ಇನ್ನೂ ಐದಾರು ತಿಂಗಳು. ಸವಾರಿಗೆ ಅಂತ ಕಲಿಸಿದ ಹೆಣ್ಣಿಗೆ ಆ ಒಂದೂವರೆ ವರ್ಷದಲ್ಲಿ ಬಹಳಷ್ಟು ಕೆಲಸ ತಪ್ಪಿಹೋಗುತ್ತದೆ. ತಳಿ ಒಳ್ಳೆಯದು, ಸ್ವಭಾವ ಒಳ್ಳೆಯದು ಅಂದರೆ ಮುಂದೆ ಒಂದು ಮರಿ ಆಗಲಿ, ತಪ್ಪೇನಿಲ್ಲ. ಮೊದಲು ನಾಲ್ಕು ವರ್ಷ ದಾರಿ ನೋಡಲಿ.

ಉಳಿದವರು, ಮೊದಲು ಟ್ರಾಟ್ ಕುದುರೆ ಓಡಿಸುತ್ತಿದ್ದು ಈಗ ಸೊಂಟ ನೋವು ಮಂಡಿ ನೋವು ಅಂತ ಮೆತ್ತನೆಯ ಕುದುರೆ ಹುಡುಕುವವರು. ಇಂಥವರು ನನಗೆ ಬಲು ಇಷ್ಟ. ಕೈ ಪಳಗಿರುತ್ತದೆ, ಅವಸರ ಇರುವುದಿಲ್ಲ. ಒಂದೇ ಎಚ್ಚರ: ಹಳೆಯ ಜೀನನ್ನೇ ಇವಳ ಮೇಲೆ ಹಾಕಬಾರದು. ಗೇಟೆಡ್ ಕುದುರೆಯ ಹೆಗಲು ಮುಂದಕ್ಕೆ ಹಿಂದಕ್ಕೆ ಜಾಸ್ತಿ ಆಡುತ್ತದೆ, ಅದಕ್ಕೆ ಜಾಗ ಬಿಡುವ ಜೀನೇ ಬೇಕು.

ಕೆಂಚಿ ಕೊನೆಗೆ ಹೋದದ್ದು ಇಂಥ ಒಬ್ಬ ಹೆಂಗಸಿನ ಹತ್ತಿರಕ್ಕೆ, ಆರು ತಿಂಗಳ ಲೀಸ್ ಮೇಲೆ. ಕರಾರಿನಲ್ಲಿ, ಮುಂದೆ ಮಾರುವುದಾದರೆ ಮೊದಲು ನನ್ನನ್ನು ಕೇಳಬೇಕು ಅಂತ ಬರೆಸಿದೆ. ಜೊತೆಗೆ ಕೆಂಚಿಯ ಹಳೆಯ ಕಡಿವಾಣ ಕೊಟ್ಟೆ, ಹತ್ತು ದಿನಕ್ಕೆ ಆಗುವಷ್ಟು ಇಲ್ಲಿನ ಮೇವು ಕೊಟ್ಟೆ, ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸಲು. ಏಕಾಏಕಿ ಬದಲಿಸಿದರೆ ಹೊಟ್ಟೆನೋವು ಬಂದೀತು ಅಂತ ಹೆದರಿಕೆ. ಒಂದು ಹಾಳೆಯಲ್ಲಿ ನಾನು ಬಳಸುವ ಮಾತುಗಳನ್ನೂ ಬರೆದುಕೊಟ್ಟೆ: ನಿಲ್ಲಲು ಏನು ಅನ್ನುತ್ತೇನೆ, ಹಿಂದೆ ಸರಿಯಲು ಏನು, ಕಾಲು ಕೊಡಲು ಏನು.

ಮೂರನೇ ವಾರ ಅವರು ಫೋನ್ ಮಾಡಿದರು. ಏನಾದರೂ ತೊಂದರೆಯೇ ಅಂತ ಕೇಳಿದೆ. "ಏನಿಲ್ಲ, ಸ್ವಲ್ಪ ಕೇಳಿ ಅಂತ" ಅಂದು ಫೋನನ್ನು ಕೆಳಗೆ ಹಿಡಿದರು. ಗಟ್ಟಿ ನೆಲ ಇರಬೇಕು. ನಾಲ್ಕೂ ಬಿಡಿಬಿಡಿಯಾಗಿ ಕೇಳಿಸಿತು.